ಹನ್ನೊಂದು ಹಾಳೆಗಳ ಸರ್ಪ

ಲಾಳಕ್ಕೆಂದು ಕೆಡವಲು ಹಗ್ಗ ಹಾಕಿದ ಎತ್ತಿನ ಎಡಗಿವಿ ಮೆಲ್ಲನೆ ಹಿಂದಕ್ಕೆ ಹೊರಳಿ ನಿಂತದ್ದು ಇಂದಿಗೂ ನನ್ನ ಕಣ್ಣಿನಲ್ಲಿದೆ. ಅದನ್ನು ಕಾಣುವ ಹೊತ್ತಿಗೆ ಇಲ್ಲದ ಮೃಗಗಳನ್ನು ಬರೆದು ಬರೆದು ನಾನು ಸೋತುಹೋಗಿದ್ದೆ.

ಊರ ಗ್ರಂಥಾಲಯವನ್ನು ಆಗ ನಾನು ನೋಡಿಕೊಳ್ಳುತ್ತಿದ್ದೆ. ಸೋಮವಾರ ರಜೆ. ಅಂದು ಮಧ್ಯಾಹ್ನ ಪತ್ರಿಕೆ ಓದುವ ಉದ್ದನೆಯ ಮೇಜಿಗೆ ನಾವು ಮೂವರು ಕೂಡುತ್ತಿದ್ದೆವು: ಎತ್ತಿಗೆ ಲಾಳ ಕಟ್ಟುವ ದಾವಲಸಾಬ, ಹೆಣ್ಣುಮಕ್ಕಳ ಶಾಲೆಯ ಸುಶೀಲಕ್ಕೋರು ಮತ್ತು ನಾನು. ನಾನೊಂದು ಕತೆ ಹೇಳಬೇಕು. ಅವರಿಬ್ಬರೂ ಕತೆಯೊಳಗಿನ ಒಬ್ಬೊಬ್ಬರಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದು ದಾಳಕ್ಕೆ ಬಿಟ್ಟದ್ದು. ದಾರಿಯಲ್ಲಿ ಎದುರಾಗುವ ಮೃಗಗಳನ್ನು ಕಟ್ಟುವುದು ನನ್ನ ಪಾಲಿನ ಕೆಲಸ. ಆಟ ನಡೆದ ಒಂಬತ್ತು ವರ್ಷವೂ ದಾವಲಸಾಬನದು ಒಂದೇ ಪಾತ್ರ, ಕಣಿವೆ ಕಾಯುವ ಒಂಟಿಗಣ್ಣಿನ ಭರಮ. ವಾರವೆಲ್ಲ ಗೊರಸಿನ ಮೇಲೆ ಬಗ್ಗಿದ ಅವನ ಬೆನ್ನು ಭರಮನಾದಾಗ ಮಾತ್ರ ನೆಟ್ಟಗಾಗುತ್ತಿತ್ತು.

ಮೊದಮೊದಲು ನನ್ನ ಮೃಗಗಳು ಅಂಗೈಯಗಲದ ಕಾಗದದಲ್ಲಿ ಹಿಡಿಸುತ್ತಿದ್ದವು. ಅವರು ಒಂದನ್ನು ಗೆದ್ದರೆ ಮುಂದಿನದಕ್ಕೆ ಒಂದು ನಿಯಮ ಹೆಚ್ಚಿಸುತ್ತಿದ್ದೆ. ಹೀಗೆ ಬೆಳೆದು ಬೆಳೆದು ಕಡೆಗೆ ಏಳು ಹೆಡೆಯ ಸರ್ಪವೊಂದು ಹುಟ್ಟಿತು. ಹೆಡೆಗೊಂದು ವಿಷ, ವಿಷಕ್ಕೊಂದು ದಾಳ, ಬಿಸಿಲಿಗೊಂದು ಲೆಕ್ಕ, ನೆರಳಿಗೊಂದು ಲೆಕ್ಕ. ಬರೆಯಲು ಒಂದು ತಿಂಗಳು ಹಿಡಿಯಿತು. ಒಟ್ಟು ಹನ್ನೊಂದು ಹಾಳೆ.

ಆಟದ ದಿನ ಮೊದಲಿಗೆ ಹನ್ನೊಂದನ್ನೂ ಓದಿ ಹೇಳಿದೆ. ಆಮೇಲೆ ಪ್ರತಿ ಏಟಿಗೂ ಹಾಳೆ ತಿರುವಿದೆ.

"ಇದು ಹಾವೋ, ಪಂಚಾಂಗೋ?" ಎಂದರು ಸುಶೀಲಕ್ಕೋರು, ಆಕಳಿಕೆ ತಡೆಯುತ್ತ. "ಕಡಿಯಾಕೂ ಮುಹೂರ್ತ ನೋಡಬೇಕೇನ್ರಿ?"

ಮೂರು ತಾಸು ಕಳೆದಿತ್ತು. ಭರಮ ಮೊಣಕಾಲುದ್ದ ಹೊಳೆಯಲ್ಲಿ ನಿಂತು ಹೋರಾಡುತ್ತಿದ್ದ. ಐದನೆಯ ಹೆಡೆ ಅವನನ್ನು ಕಚ್ಚಿತು. ದಾಳ ಉರುಳಿತು. "ವಿಷ ಏರಿತು, ಭರಮ ಸತ್ತ" ಎಂದೆ, ಹಾಳೆಯಿಂದ ತಲೆಯೆತ್ತದೆ.

ದಾವಲಸಾಬ ದಾಳವನ್ನು ನನ್ನ ಕಡೆ ಸರಿಸಿ, "ಆತು ಬಿಡ್ರಿ ಸರ" ಎಂದು ಎದ್ದುಹೋದ.

ಸಂಜೆ ಹಾಳೆಗಳನ್ನು ಜೋಡಿಸುವಾಗ ಏಳನೆಯದರಲ್ಲಿ ನನ್ನದೇ ಅಕ್ಷರ ಕಂಡಿತು: ನೀರಿನಲ್ಲಿ ನಿಂತವರಿಗೆ ಐದನೆಯ ಹೆಡೆಯ ವಿಷ ತಟ್ಟದು. ನಾನೇ ಬರೆದು ನಾನೇ ಮರೆತಿದ್ದೆ. ಮುಂದಿನ ಎರಡು ಸೋಮವಾರ ದಾವಲಸಾಬ ಬರಲಿಲ್ಲ. ನಾನೂ ಯಾರಿಗೂ ಬಾಯಿ ಬಿಡಲಿಲ್ಲ. ಆಟವಿಲ್ಲದ ಆ ಮೇಜು ನೋಡಿದರೆ ಮನೆಗೆ ಹೋಗುವುದಕ್ಕೂ ಮನಸ್ಸಾಗುತ್ತಿರಲಿಲ್ಲ, ಕೂರುವುದಕ್ಕೂ ಆಗುತ್ತಿರಲಿಲ್ಲ.

ಮೂರನೆಯ ಸೋಮವಾರ ಬೆಳಿಗ್ಗೆ ಹಾಳೆಗಳನ್ನು ಹಿಡಿದು ಅವನ ಅಂಗಳಕ್ಕೆ ಹೋದೆ. ಎತ್ತಿಗೆ ಹಗ್ಗ ಹಾಕಿ ಕೆಡವುವುದರಲ್ಲಿದ್ದ. ಅದರ ಒಡೆಯ ಮೂಗುದಾರ ಹಿಡಿದಿದ್ದ. ಎತ್ತಿನ ಎಡಗಿವಿ ಮೆಲ್ಲನೆ ಹಿಂದಕ್ಕೆ ಹೊರಳಿದ್ದು ಕಂಡಿತು, ಅದರ ಅರ್ಥ ಮಾತ್ರ ನನಗೆ ಹೊಳೆಯಲಿಲ್ಲ. ನಾನು ಮಾತು ತೆಗೆಯುವ ಮೊದಲೇ ದಾವಲಸಾಬ ನನ್ನ ರಟ್ಟೆ ಹಿಡಿದು ಜಗ್ಗಿದ. ನಾನು ನಿಂತಿದ್ದ ಜಾಗದಲ್ಲಿ ಗೊರಸು ಗಾಳಿ ಸೀಳಿತು.

"ನಿನಗ ಹ್ಯಾಂಗ ಗೊತ್ತಾತು?" ಎಂದೆ.

"ಎಡಗಿವಿ ಹಿಂದ ಹೊಳ್ಳತು, ನೋಡಲಿಲ್ಲೇನು? ದನ ಹೇಳೇ ಒದೀತೈತ್ರಿ. ನೋಡಾವ ಬೇಕಷ್ಟ."

ಲಾಳ ಕಟ್ಟಿ ಮುಗಿಸಿ ಅವನು ಕೈ ತೊಳೆಯುವಾಗ ಹೇಳಿದೆ: "ದಾವಲಣ್ಣ, ಭರಮ ಸಾಯಬಾರದಿತ್ತು."

"ಗೊತ್ತೈತಿ. ನೀರಾಗ ನಿಂತಾವಗ ಐದನೇ ಹೆಡಿ ಇಸ ಹತ್ತೂದಿಲ್ಲ. ನೀವ ಓದಿದ್ರಲ್ಲ. ನನಗ ಓದಾಕ ಬರೂದಿಲ್ಲ ಖರೆ, ಕೇಳಿದ್ದು ಹೋಗೂದಿಲ್ಲ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

ಅವನು ಹೆಗಲ ಮೇಲಿನ ಟವೆಲಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. "ನೀವು ಹಾಳಿ ತಿರುವಿ ತಿರುವಿ ದಣದಿದ್ರಿ. ಅಕ್ಕೋರು ದಣದಿದ್ರು. ಭರಮನೂ ದಣದಿದ್ದ. ಮಲಕೊಳ್ಳಲಿ ಬಿಡು ಅನಿಸ್ತು. ಮೂರು ತಾಸಿನಾಗ ನೀವು ಒಮ್ಮೆರ ನನ್ನ ಮಾರಿ ನೋಡಿದ್ರೇನು, ಸರ?"

"ತಪ್ಪು ನಂದು. ಅವನ್ನ ಎಬ್ಬಿಸೋಣು."

"ಬ್ಯಾಡ್ರಿ. ಸತ್ತಾವನ್ನ ಕಾಗದ ತಿದ್ದಿ ಎಬ್ಬಸಬ್ಯಾಡ್ರಿ."

ಮಧ್ಯಾಹ್ನ ಬರುವೆಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಗ್ರಂಥಾಲಯಕ್ಕೆ ಮರಳಿ, ಅಂಗೈಯಗಲದ ಒಂದು ಕಾಗದದ ಮೇಲೆ ಹೊಸ ಮೃಗವೊಂದಕ್ಕೆ ಎರಡೇ ಸಾಲು ಬರೆದೆ.

ಅವನು ತಡವಾಗಿ ಬಂದ. "ಆಡಾಕಲ್ಲ, ಸುಮ್ನ ನೋಡಾಕ ಬಂದೀನಿ" ಎಂದು ಮೇಜಿನ ತುದಿಗೆ ಕೂತ.

"ನೋಡಾಕ ಬಂದಾವ ಕುರ್ಚಿ ಅಷ್ಟು ಮುಂದ ಎಳಕೊಂತಾನೇನು?" ಎಂದರು ಅಕ್ಕೋರು.

ನಾನು ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಅವನ ಮುಖವನ್ನೇ ನೋಡುತ್ತ ಕತೆ ಹೇಳತೊಡಗಿದೆ. ಅದೇ ಹೊಳೆ. ಆಚೆ ದಡದ ಜೊಂಡಿನಿಂದ ಹಸಿದ ಮೃಗವೊಂದು ಹೊರಬಂತು. ಅಕ್ಕೋರು ಎರಡು ಹೆಜ್ಜೆ ಮುಂದಿಟ್ಟೆನೆಂದು ಹೇಳಿ ದಾಳ ಎತ್ತಿಕೊಂಡರು.

"ಮೃಗ ನಿಂತಿತು" ಎಂದೆ. "ಅದರ ಎಡಗಿವಿ ಮೆಲ್ಲನೆ ಹಿಂದಕ್ಕೆ ಹೊರಳಿತು."

"ಅಕ್ಕೋರ, ಹಿಂದ ಸರೀರಿ!" ಎಂದ ದಾವಲಸಾಬ. ಕಲ್ಲು ಹಾಸಿನ ಮೇಲೆ ಅವನ ಕುರ್ಚಿಯೂ ಕಿರ್ರೆಂದು ಒಂದು ಗೇಣು ಹಿಂದಕ್ಕೆ ಹೋಯಿತು.