ಖಾಲಿ ರೇಡಿಯೊದ ಹಿಂದೆ ಅಪ್ಪ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಪುಟ್ಟಿಯ ಮದುವೆಗೆ ಅವಳಮ್ಮ ಹೇಳಿದ್ದು ಒಂದೇ ಸುಳ್ಳು. ಆದರೆ ಸಾವಿರಕ್ಕೆ ಸಮನಾದ ಸುಳ್ಳು.

ಅಪ್ಪ ತೀರಿಕೊಂಡಾಗ ಪುಟ್ಟಿಗೆ ಒಂಬತ್ತು, ತಂಗಿಗೆ ಮೂರು. ಸ್ವಲ್ಪ ದೊಡ್ಡವಳಾದ ಕೂಡಲೇ ಹೊಲಿಗೆ ಮಷೀನು ತುಳಿದು ಮನೆ ನಡೆಸಿದವಳು ಅವಳೇ. ಆ ಗಡಿಬಿಡಿಯಲ್ಲಿ ಮದುವೆಯ ವಯಸ್ಸು ಹೇಳದೆ ಕೇಳದೆ ದಾಟಿಹೋಯಿತು. ತಂಗಿ ಮೆಚ್ಚಿದವನನ್ನು ಕಟ್ಟಿಕೊಂಡು ಎರಡು ಮಕ್ಕಳ ತಾಯಿಯೂ ಆದಳು. ಕೊನೆಗೂ ಒಂದು ಒಳ್ಳೆಯ ಸಂಬಂಧ ಬಂದಾಗ ಗಂಡಿನ ಕಡೆಯವರು ಕೇಳಿದರು: "ತಂಗಿಗೆ ಆಗಿದೆ, ಅಕ್ಕನಿಗೆ ಯಾಕೆ ಆಗಿಲ್ಲ?" ಅಮ್ಮ ಕಣ್ಣು ಮಿಟುಕಿಸದೆ ಹೇಳಿದಳು: "ಮದುವೆ ಆಗಿರೋಳೇ ದೊಡ್ಡೋಳು. ಇವಳು ಚಿಕ್ಕೋಳು, ನಮ್ಮ ಪುಟ್ಟಿ." ಲಂಗದ ಅಂಚು ಕತ್ತರಿಸಿದಷ್ಟು ಸಲೀಸಾಗಿ ಎಂಟು ವರ್ಷ ಕತ್ತರಿಸಿ ಎಸೆದಳು. ಆ ಕಾಲದಲ್ಲಿ ಕಾಗದ ಪತ್ರ ಕೇಳುವವರು ಯಾರು? ಅಕ್ಕ ತಂಗಿಯಾದಳು, ತಂಗಿ ಅಕ್ಕನಾದಳು. ಪುಟ್ಟಿ ಅನ್ನುವ ಹೆಸರು ಅಂಟಿದ್ದೂ ಆವತ್ತೇ.

ವಯಸ್ಸು ಮುಚ್ಚಿಡುವುದಕ್ಕೆ ಮುಖ ಅಡ್ಡಬರಲಿಲ್ಲ. ಅವಳದು ಎಳೆಯ ಮುಖ. ಅಡ್ಡಬಂದದ್ದು ನಾಲಿಗೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಅತ್ತೆಯ ಮುಂದೆ, "ನಮ್ಮ ಹಳೇ ವಾಲ್ವ್ ರೇಡಿಯೊ ಬಿಸಿಯಾಗೋಕೇ ಒಂದು ಹೊತ್ತು ಬೇಕಿತ್ತು, ಆಮೇಲೆ ಮೆಲ್ಲಗೆ ಅದರ ಹಸಿರು ದೀಪ ಕಣ್ಣು ಬಿಡ್ತಿತ್ತು" ಅಂದುಬಿಟ್ಟಳು.

ಅತ್ತೆ ಹುಬ್ಬೇರಿಸಿದರು. "ನೀನು ಕಣ್ಣು ಬಿಡೋ ಹೊತ್ತಿಗೆ ಎಲ್ಲರ ಮನೇಲೂ ಟ್ರಾನ್ಸಿಸ್ಟರ್ ಬಂದಿತ್ತಲ್ಲ?"

"ಅಕ್ಕ ಹೇಳ್ತಿದ್ಲು ಅತ್ತೆ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ. ದೊಣ್ಣೆಯೇನೋ ತಪ್ಪಿತು. ಆದರೆ ಅಂದಿನಿಂದ ಅವಳ ಬಾಲ್ಯವೆಲ್ಲ ಅಕ್ಕ ಹೇಳಿದ್ದೇ ಆಯಿತು. ಹಾಗಾದ ಮೇಲೆ ಆ ಅಕ್ಕನಿಗೂ ಏನಾದರೂ ಗೊತ್ತಿರಬೇಡವೇ? ಪುಟ್ಟಿ ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಒಂದೊಂದನ್ನೇ ಹೇಳಿಕೊಟ್ಟಳು. ಹಸಿರು ಕಣ್ಣಿನ ರೇಡಿಯೊ, ಕೀ ಕೊಟ್ಟರೆ ಕುಪ್ಪಳಿಸುವ ತಗಡಿನ ಕಪ್ಪೆ, ರೇಡಿಯೊ ರಿಪೇರಿ ಮಾಡುತ್ತಿದ್ದ ಅಪ್ಪನ ಅಂಗಡಿ, ಎಲ್ಲವನ್ನೂ. ತಂಗಿ ಜಾಣೆ. ಕೇಳಿದ್ದಕ್ಕೆಲ್ಲ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಗೊತ್ತಿಲ್ಲ ಅನ್ನುವುದು ಅವಳ ಜಾಯಮಾನವೇ ಅಲ್ಲ. ತಂದೆಯ ಮುಖವನ್ನೇ ಅರಿಯದ ಹುಡುಗಿಗೆ ಕೊನೆಗೂ ಹೇಳಿಕೊಳ್ಳಲು ಒಬ್ಬ ಅಪ್ಪ ಸಿಕ್ಕಿದ್ದ.

ಈಗ ಇಬ್ಬರೂ ಅಜ್ಜಿಯರು. ಆ ಭಾನುವಾರ ತಂಗಿ ಬಂದಿದ್ದಳು. ಪುಟ್ಟಿಯ ಮೊಮ್ಮಗಳು ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ, ಫೋನಿನಲ್ಲಿ ಹಳೆಯ ಸಾಮಾನುಗಳ ಚಿತ್ರ ತೋರಿಸತೊಡಗಿದಳು. ಬಳಸಿದವರು ಕೈ ಎತ್ತಬೇಕು, ಕೊನೆಗೆ ಅದರ ಮೇಲೆ ಅವಳು ಅವರವರ ವಯಸ್ಸು ಹೇಳುತ್ತಾಳೆ. ಎಂಥ ಆಟ ಹುಡುಕಿಕೊಂಡು ಬಂದಳು ನೋಡಿ! ಪುಟ್ಟಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕುಳಿತಳು.

ಕ್ಯಾಸೆಟ್ ಬಂತು, ಎತ್ತಿದಳು, ಅದಕ್ಕೆ ಅಪಾಯವಿಲ್ಲ. ಬಾಗಿಲಿದ್ದ ಟಿವಿ ಬಂತು, ಅದಕ್ಕೂ ಎತ್ತಿದಳು. ತಗಡಿನ ಕಪ್ಪೆ ಬಂದಾಗ ಬೆರಳು ಕೀ ತಿರುಗಿಸುವಂತೆ ತಾನಾಗಿಯೇ ಆಡಿತು. ಅದನ್ನು ಅದುಮಿಟ್ಟಳು. ಆಮೇಲೆ ಬಂತು ಹಸಿರು ಕಣ್ಣಿನ ರೇಡಿಯೊ. ತಂಗಿಯ ಕೈ ಸರಕ್ಕನೆ ಮೇಲೆದ್ದಿತು.

"ನಮ್ಮಪ್ಪ ಇಂಥದ್ದರಲ್ಲೇ ನಂಗೆ ಆಟದ ಸಾಮಾನು ಮಾಡ್ಕೊಟ್ಟಿದ್ರು" ಎಂದಳು. "ಒಳಗಿಂದೆಲ್ಲ ಕಿತ್ತು, ಬರೀ ಪೆಟ್ಟಿಗೆ. ನಾನು ಗುಂಡಿ ತಿರುಗಿಸಿದ್ರೆ ಮುಳ್ಳು ಸರೀತಿತ್ತು. ಅಪ್ಪ ಹಿಂದೆ ಕೂತು ಒಂದೊಂದು ಸ್ಟೇಷನ್‌ಗೆ ಒಂದೊಂದು ದನಿ ತೆಗೀತಿದ್ರು. 'ಈ ಹೊತ್ತಿನ ಮುಖ್ಯ ಸುದ್ದಿ. ಈ ಮನೆಯ ಹಿರಿಯ ಮಗಳು ಹಾಲನ್ನು ಗಿಡಕ್ಕೆ ಸುರಿದಿದ್ದಾಳೆ!' ಮಧ್ಯದಲ್ಲಿ ನಿಲ್ಲಿಸಿದ್ರೆ ಬರೀ ಗೊರಗೊರ."

ಎಲ್ಲರೂ ನಕ್ಕರು. ಹಾಲು ಸುರಿದವಳು ಪುಟ್ಟಿ. ಸಿಕ್ಕಿಬಿದ್ದವಳೂ ಅವಳೇ. ಅವಳೂ ನಕ್ಕಳು.

"ಕಾರ್ಯಕ್ರಮ ಮುಗಿದ ಮೇಲೆ, ಮುಂದೆ ಸ್ಪೀಕರಿನ ಬಟ್ಟೆ ಹರಿದಿತ್ತಲ್ಲ, ಅಲ್ಲಿಂದ ಎರಡು ಬೆರಳು ಆಚೆ ಹಾಕೋರು. ನಾನು ಹಿಡ್ಕೊಂಡು ಕುಲುಕಬೇಕು. ಬಿಡ್ತಾನೇ ಇರಲಿಲ್ಲ ನಾನು."

ಪುಟ್ಟಿಯ ನಗು ಅಲ್ಲಿಗೆ ನಿಂತಿತು. ಬೆರಳೇ? ಯಾವ ಬೆರಳು?

"ಅಜ್ಜಿ, ನಿಂಗೆ ನಿಮ್ಮಪ್ಪ ಒಂಚೂರೂ ನೆನಪಿಲ್ವಾ?" ಮೊಮ್ಮಗಳು ಪುಟ್ಟಿಯನ್ನು ಕೇಳಿದಳು.

ಉತ್ತರ ಕೊಟ್ಟವನು ಗಂಡ. ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಗಂಟಲು ಇನ್ನೂ ನಿವೃತ್ತವಾಗಿರಲಿಲ್ಲ. "ಅವಳಿಗೆಲ್ಲಿಂದ ನೆನಪಿರುತ್ತೆ? ಆಗ ತೊಟ್ಟಿಲಲ್ಲಿ ಉಚ್ಚೆ ಹೊಯ್ಕೊಂಡು ಮಲಗಿದ್ಲು. ನನ್ನ ಹೆಂಡ್ತಿ ಚಿಕ್ಕೋಳಮ್ಮ!"

"ಇಲ್ಲ ಮರಿ, ನೆನಪಿಲ್ಲ" ಎಂದಳು ಪುಟ್ಟಿ.

"ಪಾಪ ಅಜ್ಜಿ" ಎಂದಿತು ಮಗು.

ಚಹಾದ ನೆಪ ಹೇಳಿ ಪುಟ್ಟಿ ಅಡುಗೆಮನೆಗೆ ಎದ್ದು ಬಂದಳು. ಸಿಟ್ಟಿನಲ್ಲಿ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. ಅತ್ತೆ ಇಲ್ಲ, ಅಮ್ಮ ಇಲ್ಲ. ಈಗ ನಿಜ ಹೇಳಿದರೆ ಯಾರೇನು ಮಾಡಿಯಾರು ಎಂದು ಎಷ್ಟೋ ಸಲ ಅಂದುಕೊಂಡಿದ್ದಳು. ಆದರೆ ಆ ಮನುಷ್ಯ ಕಂಡಕಂಡವರ ಮುಂದೆಲ್ಲ ಚಿಕ್ಕ ಹೆಂಡತಿ ಎಂದು ಹೆಮ್ಮೆಪಟ್ಟವನು. ಈ ಒಂದು ಮಾತು ಸುಳ್ಳೆಂದು ತಿಳಿದರೆ ಇಷ್ಟು ವರ್ಷಗಳ ಮಿಕ್ಕ ಮಾತುಗಳನ್ನೆಲ್ಲ ಒಂದೊಂದಾಗಿ ಅನುಮಾನಿಸುತ್ತಾನೆ. ಅವಳಿಗೆ ಊರಿಗೆಲ್ಲ ಸಾರುವ ಆಸೆಯಿರಲಿಲ್ಲ. ಒಂದೇ ಒಂದು ಸಲ, ತಂಗಿಯ ಬಾಯಿಂದ, ಆ ಅಪ್ಪ ನಿನ್ನವನು ಅನ್ನುವ ಮಾತು ಕೇಳಿದರೆ ಸಾಕಾಗಿತ್ತು.

ತಂಗಿ ಲೋಟ ಜೋಡಿಸಲು ಹಿಂದೆಯೇ ಬಂದಳು. ಪುಟ್ಟಿ ಬಾಗಿಲು ಓರೆಮಾಡಿದಳು.

"ಆ ಬೆರಳಿನ ಕಥೆ ನಿಂಗೆ ನಾನು ಯಾವಾಗ ಹೇಳಿಕೊಟ್ಟೆ?"

"ನೀನು ಹೇಳಿಕೊಟ್ಟಿದ್ದಲ್ಲಕ್ಕ." ಇಬ್ಬರೇ ಇದ್ದಾಗ ಅವಳು ಅಕ್ಕ ಎಂದೇ ಕರೆಯುತ್ತಿದ್ದಳು. "ಅದು ನಂದೇ."

"ನಂದೇ ಅಂದ್ರೆ? ಅಂಗೈಯಗಲ ಮಗು ನೀನು. ಎಲ್ಲಾ ನಾನು ಹೇಳಿದ್ದು, ಒಂದೂ ಬಿಡದೆ. ಹೇಳ್ತಾ ಹೇಳ್ತಾ ನೀನೇ ನಂಬಿಬಿಟ್ಟಿದೀಯ. ಇಲ್ಲಿ ಯಾರೂ ಇಲ್ಲ. ನನ್ನ ಮುಂದಾದ್ರೂ ಒಪ್ಕೋ."

"ಮಿಕ್ಕಿದ್ದೆಲ್ಲ ನಿಂದೇ, ಒಪ್ಪಿದೆ. ಇದು ಮಾತ್ರ ನಂದು. ನೀನು ಸ್ಕೂಲಿಗೆ ಹೋಗಿರ್ತಿದ್ದೆ. ಮನೇಲಿ ನಾನೊಬ್ಳೇ ಅಲ್ವಾ."

ತಾನು ಶಾಲೆಗೆ ಹೋದ ಮೇಲೂ ಆ ಮನೆಯಲ್ಲಿ ಅಪ್ಪ ಇದ್ದರು, ಆ ಪೆಟ್ಟಿಗೆಯೂ ಇತ್ತು ಅನ್ನುವುದು ಇಷ್ಟು ವರ್ಷ ಪುಟ್ಟಿಗೆ ಹೊಳೆದೇ ಇರಲಿಲ್ಲ. ಅವಳ ಆಟದಲ್ಲಿ ಅಪ್ಪ, "ಇಲ್ಲಿಗೆ ನಮ್ಮ ಪ್ರಸಾರ ಮುಗಿಯಿತು" ಅನ್ನುತ್ತಿದ್ದರು, ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಅಷ್ಟೇ. ನಿಜವೋ ಸುಳ್ಳೋ ಕೇಳೋಣವೆಂದರೆ ಯಾರಿದ್ದಾರೆ? ಅಪ್ಪನ ಬಗ್ಗೆ ಒಂದು ಹೊಸ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು! ಸಿಟ್ಟು ಎಲ್ಲಿ ಹೋಯಿತೋ, ಇನ್ನಷ್ಟು ಬೇಕೆನಿಸಿತು. ನಾಚಿಕೆ ಬಿಟ್ಟು ಕೇಳಿದಳು.

"ಬೆಚ್ಚಗಿತ್ತಾ ಬೆರಳು?"

ತಂಗಿ ಲೋಟ ಹಿಡಿದುಕೊಂಡೇ ಯೋಚಿಸಿದಳು. ಹಣೆ ಗಂಟಾಯಿತು. ತುಟಿ ಏನೋ ಹೇಳಲು ಹೊರಟು ನಿಂತಿತು.

"ಅದು ನೆನಪಿಲ್ಲ ಕಣೇ ಅಕ್ಕ."

ಕಟ್ಟಿದ ಕಥೆಯಾಗಿದ್ದರೆ ಬೆಚ್ಚಗಿತ್ತು ಎಂದು ಅವಳು ತಡವಿಲ್ಲದೆ ಹೇಳಿಬಿಡುತ್ತಿದ್ದಳು. ಹಾಗಾದರೆ ಇದು ನಿಜ. ಅಪ್ಪ ಆ ಎರಡು ಬೆರಳನ್ನು ಚಿಕ್ಕವಳಿಗೆ ಮಾತ್ರ ಕೊಟ್ಟಿದ್ದರು.