ಮೂರನೇ ಚರಣ

ವೇದಿಕೆಯ ಅಂಚಿನಲ್ಲಿ, ಜನರಿಗೆ ಕಾಣದ ಹಾಗೆ, ಗಾಯಕರ ಕಾಲಬುಡದಲ್ಲಿ ಒಂದು ಪರದೆ ಇರುತ್ತದೆ. ಅದರಲ್ಲಿ ಹಾಡಿನ ಸಾಲು ಮೂಡಿಸುವುದು ನನ್ನ ಕೆಲಸ. ಶಾಲೆ ಬಿಟ್ಟ ಮೇಲೆ ಭಾವನ ಮೈಕ್ ಸೆಟ್ ಅಂಗಡಿ ಸೇರಿದೆ. ದೊಡ್ಡ ಗಾಯಕರಿಗೆ ಹಾಡು ಬಾಯಿಗೆ ಬರುವುದಿಲ್ಲವೆಂದು ಗೊತ್ತಾದದ್ದು ಆಮೇಲೆಯೇ. ಪರದೆಯಲ್ಲಿ ಬಂದದ್ದನ್ನೇ ಹಾಡುತ್ತಾರೆ. ಒಮ್ಮೆ ನಾನು ಅಳಿಸಲು ಮರೆತಿದ್ದ ‘ಇಲ್ಲಿ ಕೊಳಲು’ ಎಂಬುದನ್ನೂ ಒಬ್ಬರು ಕಣ್ಣು ಮುಚ್ಚಿ, ರಾಗ ಎಳೆದು ಹಾಡಿದ್ದರು.

ಆ ದಿನ ಮೇಷ್ಟ್ರ ನೆನಪಿನ ಕಾರ್ಯಕ್ರಮ. ತಾವೇ ಹಾಡು ಕಟ್ಟಿ ತಾವೇ ಹಾಡುತ್ತಿದ್ದವರು, ತೀರಿಕೊಂಡು ವರ್ಷವಾಗಿತ್ತು. ಬೆಳಗ್ಗೆ ತಾಲೀಮಿನ ಹೊತ್ತಿಗೆ ಅವರ ಹೆಂಡತಿ, ಮೊದಲ ಸಾಲಿನ ಹಿಂದೆ ಬದಿಗಿದ್ದ ನನ್ನ ಮೇಜಿನ ಹತ್ತಿರ ಬಂದರು.

“ಮಗಳ ಹಾಡು ಇದ್ಯೇನಮ್ಮಾ?”

ತಲೆಯಾಡಿಸಿದೆ. ಎಳವೆಯಲ್ಲೇ ಹೋದ ಮಗಳ ಮೇಲೆ ಮೇಷ್ಟ್ರು ಕಟ್ಟಿದ ಹಾಡು ಅದು. ಮೊದಲೆರಡು ಚರಣದಲ್ಲಿ ಮಗು ಕುಣಿಯುತ್ತದೆ. ಎಲ್ಲರೂ ಹಾಡುವುದು ಅಷ್ಟನ್ನೇ.

“ಮೂರನೇ ಚರಣ?”

ಅದನ್ನೂ ತೋರಿಸಿದೆ.

ಔಷಧಿಯ ಚಮಚ ತೊಳೆದಿಟ್ಟೆವು ಮಗಳೇ,
ಕುಡಿಯೆಂದು ಗದರಲು ಇನ್ಯಾರೂ ಇಲ್ಲ.

“ಅವರು ಹೋದ್ಮೇಲೆ ಯಾರೂ ಅದನ್ನ ಹಾಡಿಲ್ಲ ಕಣೇ. ಅದೊಂದು ಕೇಳಿದ್ರೆ ಸಾಕು ನಂಗೆ. ಮಿಕ್ಕಿದ್ದು ಏನಾದ್ರೂ ಮಾಡ್ಕೊಳ್ಲಿ.”

ಅವರು ಅತ್ತ ಹೋದದ್ದೇ ತಡ, ವ್ಯವಸ್ಥಾಪಕ ಬಂದ. ಬಾಯಿ ತುಂಬ ಬಿಸ್ಕತ್ತು.

“ಆ ಚಮಚದ್ದು ತೆಗೆದುಹಾಕು ತಾಯಿ. ಜನ ಖುಷಿಯಾಗಿರೋಕೆ ಬರ್ತಾರೆ. ಸಾವಿನ ಮನೆ ಮಾಡ್ಬೇಡ.”

“ಅಮ್ಮ ಕೇಳಿದ್ರು...”

“ಅಮ್ಮನಿಗೆ ಮುಂದಿನ ಸಾಲಲ್ಲೇ ಸೀಟು ಕೊಟ್ಟಿದೀವಲ್ಲ! ಇನ್ನೇನು ತಲೆ ಮೇಲೆ ಕೂರಿಸ್ಕೋಬೇಕಾ?”

ಹೂಂ ಎಂದೆ. ಆದರೆ ತೆಗೆಯಲಿಲ್ಲ.

ಮಧ್ಯಾಹ್ನ ಸಭಾಂಗಣ ಕಿಕ್ಕಿರಿದಿತ್ತು. ಮಿರಿಮಿರಿ ಅಂಗಿಯ ಗಾಯಕ ಮೊದಲೆರಡು ಚರಣವನ್ನು ಕುಣಿದುಕೊಂಡೇ ಮುಗಿಸಿದ. ನಾನು ಮೂರನೆಯದಕ್ಕೆ ಗುಂಡಿ ಒತ್ತಿದೆ.

ಹಾಡಿದ. ಒಂದಕ್ಷರ ತಪ್ಪಲಿಲ್ಲ. ‘ಚಮಚ’ ಎನ್ನುವಾಗ ಹುಬ್ಬು ಹಾರಿಸಿದ. ‘ಗದರಲು’ ಎನ್ನುವಾಗ ಮುಂದೆ ಕೂತ ಹುಡುಗಿಯೊಬ್ಬಳಿಗೆ ಬೆರಳಾಡಿಸಿ ಕಣ್ಣು ಹೊಡೆದ. “ಎಲ್ರೂ ಚಪ್ಪಾಳೆ!” ಎಂದ. ತೊಳೆದಿಟ್ಟ ಆ ಚಮಚಕ್ಕೆ ಇಡೀ ಸಭಾಂಗಣ ತಾಳ ಹಾಕಿತು. ಮೈಕಿನ ಮೇಲೆ ಅವನ ಎಂಜಲು ಹೊಳೆಯುತ್ತಿತ್ತು. ಅವನ ಬಾಯಿಗೆ ಆ ಸಾಲನ್ನು ಇಟ್ಟವಳು ನಾನೇ. ಅಮ್ಮ ವೇದಿಕೆ ನೋಡುತ್ತಿರಲಿಲ್ಲ, ಹಿಂದಕ್ಕೆ ತಿರುಗಿ ನನ್ನನ್ನು ನೋಡುತ್ತಿದ್ದರು.

ವ್ಯವಸ್ಥಾಪಕ ಓಡಿ ಬಂದು ನನ್ನ ಬೆನ್ನು ತಟ್ಟಿದ. “ಭಲೇ ಕಣಮ್ಮಾ! ತೆಗೀದೇ ಇದ್ದಿದ್ದೇ ಒಳ್ಳೇದಾಯ್ತು. ಒನ್ಸ್ ಮೋರ್ ಅಂತಿದಾರೆ, ಹಾಕು ಹಾಕು!”

ವಾದ್ಯದವರು ಮತ್ತೆ ಶುರುಮಾಡಿದರು. ನಾನು ಆ ಚರಣವನ್ನು ಅಳಿಸಿದೆ. ಪರದೆ ಕಪ್ಪಾಯಿತು.

“ಸಾಲೆಲ್ಲೇ?” ವ್ಯವಸ್ಥಾಪಕ ಕೂಗಿದ.

“ಅಳಿಸ್ದೆ.”

ಗಾಯಕ ಕಾಲಬುಡ ನೋಡಿದ. ಒಂದು ನಿಮಿಷದ ಹಿಂದೆ ಹಾಡಿದ ಎರಡು ಸಾಲು, ಒಂದು ಪದವೂ ಅವನಲ್ಲಿ ಉಳಿದಿರಲಿಲ್ಲ. ಆದರೇನು, ಅದೇ ಹುಬ್ಬು ಹಾರಿಸಿ “ಲಾ ಲ ಲಾ” ಎಂದ. ಜನವೂ ಲಾ ಲ ಲಾ ಎಂದಿತು. ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ.

ಅಮ್ಮ ಎದ್ದರು. ಸಾಲಿನಲ್ಲಿದ್ದವರು ಏಳಲಿಲ್ಲ, ಕಾಲನ್ನೂ ಮಡಚಲಿಲ್ಲ. ಮುದುಕಿ ಸೆರಗು ಹಿಡಿದುಕೊಂಡು ಅವರ ಮೊಣಕಾಲುಗಳನ್ನು ಒಂದೊಂದಾಗಿ ದಾಟಿ ಬಾಗಿಲ ಕಡೆ ಹೋಗುತ್ತಿದ್ದರೆ, ಕೂತವರು ಕೈ ಮೇಲೆತ್ತಿ ಆಕೆಯ ತಲೆಯ ಮೇಲೇ ಚಪ್ಪಾಳೆ ತಟ್ಟುತ್ತಿದ್ದರು.