ಹ್ಯಾಂಗರಿಗೆ ಎದ್ದು ನಿಂತ ಅಂಗಡಿಯವನು

ಇಸ್ತ್ರಿ ಅಕ್ಕ ಎಂದರೆ ಆ ಓಣಿಯಲ್ಲಿ ಗೊತ್ತಿಲ್ಲದವರಿಲ್ಲ. ಕೋಪ ಮೂಗಿನ ತುದಿಯಲ್ಲೇ, ಕೆಲಸ ಮಾತ್ರ ಅಚ್ಚುಕಟ್ಟು. ಠಾಣೆಯ ಪೊಲೀಸರ ಸಮವಸ್ತ್ರ ಅವಳ ಮೇಜಿಗೇ ಬರುತ್ತಿತ್ತು. ಊರವರು ಓಟು ಹಾಕಿ ಗೆಲ್ಲಿಸಿದ ವಾರ್ಡಿನ ಸದಸ್ಯೆಯ ಬಟ್ಟೆಯೂ ಅಷ್ಟೇ. ಸೈನ್ಯದಲ್ಲಿದ್ದ ತಮ್ಮ ರಜೆಗೆ ಬಂದರಂತೂ ಅವನ ಸಮವಸ್ತ್ರ ತೀಡುವುದೇ ಅವಳಿಗೊಂದು ಸಡಗರ.

ಈ ಸಲ ತಮ್ಮ ಬಂದಾಗ ಅಕ್ಕನ ಮುಖ ಬಾಡಿತ್ತು. ಅವಳ ಗಂಡನಿಗೆ ಪಾರ್ಶ್ವವಾಯು ಬಡಿದು ಆರು ತಿಂಗಳಾಗಿತ್ತು. ವಾರಕ್ಕೆರಡು ಸಲ ಗಾಲಿಕುರ್ಚಿಯಲ್ಲಿ ಆಸ್ಪತ್ರೆಗೆ ಕರೆದೊಯ್ದು ಕೈಕಾಲಿಗೆ ವ್ಯಾಯಾಮ ಮಾಡಿಸಬೇಕು. ಆದರೆ ಓಣಿ ಶುರುವಾಗುವಲ್ಲೇ ಕಬ್ಬಿಣದ ಅಂಗಡಿಯವನು ಸರಳುಗಳನ್ನು ಅಡ್ಡಡ್ಡ ಹರಡಿದ್ದ. ಜನ ಹೇಗೋ ದಾಟುತ್ತಿದ್ದರು, ಕುರ್ಚಿ ದಾಟುತ್ತಿರಲಿಲ್ಲ. ಮೂರು ವಾರದಿಂದ ಗಂಡ ಕಿಟಕಿಯ ಪಕ್ಕ ಕೂತೇ ಇದ್ದ. ಅಷ್ಟಿಷ್ಟು ಅಲುಗುತ್ತಿದ್ದ ಬೆರಳುಗಳೂ ಮತ್ತೆ ಮರಗಟ್ಟುತ್ತಿದ್ದವು.

"ಅಂಗಡಿಯವನ್ನ ಕೇಳಿದ್ಯಾ ಅಕ್ಕ?"

"ಕೇಳ್ದೆ, ಬೇಡ್ಕೊಂಡೆ, ಬೈದೆ. ಕಿವಿ ಮೇಲೇ ಹಾಕ್ಕೊಳ್ಳಲ್ಲ ಕಣೋ. ಆದ್ರೆ ಮೊನ್ನೆ ಒಂದು ತಮಾಷೆ ಆಯ್ತು. ಪೊಲೀಸಪ್ಪನ ಸಮವಸ್ತ್ರ ಹ್ಯಾಂಗರಿಗೆ ಹಾಕಿ ಎತ್ತಿ ಹಿಡ್ಕೊಂಡು ಹೋಗ್ತಿದ್ದೆ. ಮಹಾರಾಯ ಧಡಕ್ಕಂತ ಎದ್ದು ನಿಂತ! ಬರೀ ಬಟ್ಟೆಗೆ! ನಾಲ್ಕು ಸರಳು ಪಕ್ಕಕ್ಕೂ ಎಳೆದ. ಬಟ್ಟೆ ಹಿಂದೆ ನನ್ನ ಮುಖ ಕಂಡಿದ್ದೇ ತಡ, ಮತ್ತೆ ಹಾಗೇ ಇಟ್ಟ."

ಮೂವರೂ ನಕ್ಕರು. ಭಾವನ ಓರೆಯಾದ ತುಟಿಯೂ ನಕ್ಕಿತು. ಆದರೆ ಅಕ್ಕನ ತಲೆಯಲ್ಲಿ ಹುಳ ಹೊಕ್ಕಾಗಿತ್ತು. ಮರುದಿನ ಬೆಳಿಗ್ಗೆ ಅವಳು ತಮ್ಮನ ಸಮವಸ್ತ್ರವನ್ನು ಗೆರೆ ಎದ್ದು ಕಾಣುವ ಹಾಗೆ ತೀಡಿ ಅವನ ಮುಂದೆ ಹಿಡಿದಳು.

"ಹಾಕ್ಕೋ. ಒಂದು ಮಾತೂ ಆಡ್ಬೇಡ. ಅವನ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ಬಾ, ಸಾಕು."

ತಮ್ಮನೇನೋ ಬಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ಆದರೆ ಹಾಕಿಕೊಳ್ಳಲಿಲ್ಲ. "ಆಗಲ್ಲ ಅಕ್ಕ."

"ನಿನ್ನ ಓದಿಸಿದ ಭಾವ ಕಣೋ ಇವರು!" ಅಕ್ಕ ಕಿಟಕಿಯ ಕಡೆ ಕೈ ತೋರಿಸಿದಳು.

"ನಾನು ಮರೆತಿಲ್ಲ. ಆದ್ರೆ ದೇಶ ಕಾಯೋಕೆ ಅಂತ ಈ ಬಟ್ಟೆ ಕೊಟ್ಟಿರೋದು. ಪ್ರವಾಹ ಬಂದು ಸರ್ಕಾರ ಕರೆದ್ರೆ ಊರಿಗೂ ಬರ್ತೀವಿ. ನಾವೇ ಮನಸ್ಸಿಗೆ ಬಂದ ಹಾಗೆ ಬೀದಿಗೆ ಇಳಿಯೋ ಹಾಗಿಲ್ಲ. ನೀನು ಓಟು ಹಾಕಿ ಆರಿಸಿದ ಸರ್ಕಾರದ ಮಾತನ್ನ ನಮ್ಮ ದೊಡ್ಡ ಸಾಹೇಬರೂ ಕೇಳ್ಬೇಕು. ಇವತ್ತು ನಿನಗೋಸ್ಕರ ನಾನು ನಿಂತ್ರೆ, ನಾಳೆ ಅಂಗಡಿಯವನ ಕಡೆಯ ಸೈನಿಕ ಬಂದು ನಿನ್ನ ಬಾಗಿಲಲ್ಲಿ ನಿಲ್ತಾನೆ. ಆಗ ಯಾರ ಹತ್ರ ಹೋಗ್ತೀಯ?"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು. "ಸರಿ, ಪೊಲೀಸಪ್ಪನ್ನೇ ಕೇಳ್ತೀನಿ. ಒಂದು ದಿನ ಒಳಗೆ ಹಾಕ್ಲಿ ಅವನನ್ನ!"

ತಮ್ಮನೂ ಹಳೇ ಷರಟು ತೊಟ್ಟು ಜೊತೆಗೆ ಹೊರಟ. ಠಾಣೆಯಲ್ಲಿ ಪೊಲೀಸಪ್ಪ ಇಬ್ಬರನ್ನೂ ಕೂರಿಸಿ ಎಲ್ಲ ಕೇಳಿಸಿಕೊಂಡ.

"ನೀವು ಹೇಳಿದ್ರಿ ಅಂತ ಅವನನ್ನ ಒಳಗೆ ಹಾಕಿದ್ರೆ, ನಾಳೆ ಇನ್ಯಾರೋ ಹೇಳಿದ್ರು ಅಂತ ನಿಮ್ಮನ್ನೂ ಹಾಕ್ಬೇಕಾಗುತ್ತೆ ಅಕ್ಕ. ನನ್ನ ಕೈಯನ್ನೂ ಕಾನೂನು ಕಟ್ಟಿದೆ. ಶಿಕ್ಷೆ ಕೊಡೋದಂತೂ ನ್ಯಾಯಾಲಯದ ಕೆಲಸ. ದೂರು ಬರೆದುಕೊಡಿ, ಅವನು ಬೆದರಿಸಿದ್ರೆ ನಾನಿದ್ದೀನಿ. ಆದ್ರೆ ದಾರಿ ತೆರವು ಮಾಡ್ಸೋದು ಪುರಸಭೆ. ನಿಮ್ಮ ಸದಸ್ಯೆಯನ್ನ ಹಿಡೀರಿ."

"ಎಲ್ರೂ ಆಗಲ್ಲ ಅನ್ನೋರೇ," ಎಂದು ಗೊಣಗುತ್ತಾ ಅಕ್ಕ ಸದಸ್ಯೆಯ ಕಚೇರಿಯ ಮೆಟ್ಟಿಲು ಹತ್ತಿದಳು.

ಸದಸ್ಯೆ ಕೇಳಿದವಳೇ ಹಣೆ ಚಚ್ಚಿಕೊಂಡಳು. "ಅಯ್ಯೋ, ಮೂರು ವಾರ ಸುಮ್ನೆ ಕೂತಿದ್ರಾ! ನನಗೆ ಓಟು ಹಾಕಿದ್ದು ಮತ್ಯಾಕೆ?"

ಅಕ್ಕ ತಬ್ಬಿಬ್ಬಾದಳು. ಇಸ್ತ್ರಿ ಬಟ್ಟೆ ಕೊಡಲು ಎಷ್ಟು ಸಲ ಈ ಮೆಟ್ಟಿಲು ಹತ್ತಿದ್ದಳೋ! ತನ್ನ ಕಷ್ಟ ಹೇಳಿಕೊಳ್ಳಲು ಒಮ್ಮೆಯೂ ಹತ್ತಿರಲಿಲ್ಲ. ಅಲ್ಲೇ ಕೂತು ಅರ್ಜಿ ಬರೆದು ಸಹಿ ಹಾಕಿದಳು.

ಪುರಸಭೆಯಿಂದ ನೋಟಿಸು ಹೋಯಿತು. ಗಡುವು ಮುಗಿದರೂ ಅಂಗಡಿಯವನು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಪುರಸಭೆಯ ಕೆಲಸಗಾರರೇ ಬಂದರು. ಅವನು ಕೂಗಾಡಿದ. ಪೊಲೀಸಪ್ಪ ನಡುವೆ ಬಂದು ನಿಂತ, ಯಾರೂ ಯಾರ ಮೈ ಮುಟ್ಟಲಿಲ್ಲ. ಮಧ್ಯಾಹ್ನದೊಳಗೆ ದಾರಿ ತೆರವಾಯಿತು.

ಮರುದಿನ ಬೆಳಿಗ್ಗೆ ತಮ್ಮ ಅದೇ ಹಳೇ ಷರಟಿನಲ್ಲಿ ಭಾವನ ಕುರ್ಚಿ ತಳ್ಳಿದ. ಅಂಗಡಿ ಹತ್ತಿರವಾದಂತೆ ಅಕ್ಕ ಕುರ್ಚಿಯ ಪಕ್ಕಕ್ಕೆ ಬಂದಳು. ಅಂಗಡಿಯವನು ಕುರ್ಚಿಯನ್ನು ನೋಡಿದ, ಅದರಲ್ಲಿ ಕೂತವನ ಸೊರಗಿದ ಕೈ ನೋಡಿದ. ಇಷ್ಟು ದಿನ ಅಕ್ಕನ ಬೈಗುಳ ಕೇಳಿದ್ದನೇ ಹೊರತು ಆ ಕೈಯನ್ನು ಹತ್ತಿರದಿಂದ ಕಂಡಿರಲಿಲ್ಲ. ಮೆಲ್ಲಗೆ ಎದ್ದು ನಿಂತ.

"ಹುಷಾರು ಅಣ್ಣ, ಅಲ್ಲಿ ಗುಂಡಿ ಇದೆ," ಎಂದು ತಾನೂ ಒಂದು ಕೈ ಕೊಟ್ಟ.

ಈ ಸಲ ಅಲ್ಲಿ ಯಾವ ಸಮವಸ್ತ್ರವೂ ಇರಲಿಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಜೆ ತಮ್ಮನ ಸಮವಸ್ತ್ರವನ್ನು ಮತ್ತೊಮ್ಮೆ ತೀಡಿ, ಗೆರೆ ಮುರಿಯದಂತೆ ಮಡಿಸಿ ಅವನ ಚೀಲದಲ್ಲಿಟ್ಟಳು.

"ಅಲ್ಲಿಗೆ ಹೋಗಿ ಹಾಕ್ಕೋ," ಎಂದಳು.

ಕೇಳಿದಿರಲ್ಲ? ನಿಮ್ಮ ಬೀದಿಯ ದಾರಿ ಕಟ್ಟಿದರೆ, ನಲ್ಲಿಯಲ್ಲಿ ನೀರು ನಿಂತರೆ, ನೀವು ಗೆಲ್ಲಿಸಿದವರ ಬಳಿಗೆ ಅರ್ಜಿ ಹಿಡಿದು ಹೋಗಿ. ಬೆದರಿಕೆ, ಹೊಡೆದಾಟ, ಕಳ್ಳತನವಾದರೆ ಠಾಣೆಗೆ ಹೋಗಿ ದೂರು ಬರೆದುಕೊಡಿ, ಅದರ ಪ್ರತಿ ಕೇಳಿ ಪಡೆಯಿರಿ. ಸೈನಿಕ ದೇಶ ಕಾಯಲಿ, ಅವನನ್ನು ಬೀದಿ ಜಗಳಕ್ಕೆ ಎಳೆಯಬೇಡಿ. ಇಸ್ತ್ರಿ ಅಕ್ಕ ಸುಮ್ಮನೆ ಕೂತು ಮೂರು ವಾರ ಕಳೆದುಕೊಂಡಳು. ನೀವು ನಾಳೆ ಬೆಳಿಗ್ಗೆಯೇ ಹೊರಡಿ.